ಆಸ್ಪತ್ರೆಗೆ ಹೊಸ ಆಂಟಿಬ್ಯಾಕ್ಟೀರಿಯಲ್ ಸೋಪು: ಇಂಡೆಂಟ್ ಹಾಕುವ ಮೊದಲು ಏನೇನು ನೋಡಬೇಕು?

"ಆಸ್ಪತ್ರೆಗೆ ಹೊಸ ಆಂಟಿಬ್ಯಾಕ್ಟೀರಿಯಲ್ ಸೋಪು ತರಿಸೋಣ ಅಂತಿದ್ದೇವೆ, ಯಾವುದು ಒಳ್ಳೇದು ಹೇಳಿ." ಈ ಪ್ರಶ್ನೆ ಬರದ ತಿಂಗಳೇ ಇಲ್ಲ. ಅರಸೀಕೆರೆ, ಚನ್ನರಾಯಪಟ್ಟಣ, ಬೇಲೂರು ಕಡೆಯ ನರ್ಸಿಂಗ್ ಹೋಮಿನವರು ಕೇಳುತ್ತಾರೆ. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಇರುವವರೂ ಕೇಳುತ್ತಾರೆ. ಕಂಪನಿಯ ರೆಪ್ ಬಂದು ಸ್ಯಾಂಪಲ್ ಕೊಟ್ಟು ಹೋಗಿರುತ್ತಾನೆ, ಡಾಕ್ಟರಿಗೆ ವಾಸನೆ ಇಷ್ಟ ಆಗಿರುತ್ತದೆ, ಕೊಟೇಶನ್ ಮೇಜಿನ ಮೇಲೆ ಕೂತಿರುತ್ತದೆ. ಯಾವುದು ಒಳ್ಳೇದು ಅಂತ ನಾನು ಹೇಳಲ್ಲ. ಅದು ನಿಮಗೆ ಬೇಕಾ ಅಂತ ನೀವೇ ತೀರ್ಮಾನ ಮಾಡುವ ದಾರಿ ಹೇಳುತ್ತೇನೆ.

ಇಲ್ಲಿ ಹೇಳುವುದೆಲ್ಲ ವಾರ್ಡು, ಒಪಿಡಿ, ಹೆರಿಗೆ ಕೋಣೆಯಲ್ಲಿ ದಿನಾ ಕೈ ತೊಳೆಯುವ ಸೋಪಿನ ಬಗ್ಗೆ. ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ ಮೊಣಕೈವರೆಗೆ ತೊಳೆದುಕೊಳ್ಳುವುದು ಬೇರೆ ವಿಷಯ. ಅಲ್ಲಿ ರೋಗಾಣು ಕೊಲ್ಲುವ ದ್ರಾವಣ ಬೇಕೇ ಬೇಕು. ಇದನ್ನು ಓದಿ ಥಿಯೇಟರಿನ ಸ್ಕ್ರಬ್ ನಿಲ್ಲಿಸಬೇಡಿ.

ಕೈಯಲ್ಲಿ ಏನಿರಬೇಕು

ಹೊಸ ಸೋಪಿನ ಬಾಟಲಿ (ಜಾಹೀರಾತಿನ ಕರಪತ್ರ ಸಾಲದು), ಕಳೆದ ಒಂದು ವರ್ಷದ ಸೋಂಕಿನ ರಿಜಿಸ್ಟರ್, ನೀರಿನ ಪರೀಕ್ಷೆಯ ವರದಿ, ಒಂದು ನೋಟ್‌ಬುಕ್ಕು, ಮೊಬೈಲಿನ ಸ್ಟಾಪ್‌ವಾಚ್. ಸೋಂಕಿನ ರಿಜಿಸ್ಟರೇ ಇಲ್ಲ ಅನ್ನುವವರು ಸೋಪಿನ ವಿಷಯ ಬಿಟ್ಟು ಮೊದಲು ಅದನ್ನು ಶುರು ಮಾಡಿ. ಎಷ್ಟು ಸೋಂಕು ಇದೆ ಅಂತಲೇ ಗೊತ್ತಿಲ್ಲದಿದ್ದರೆ ಕಡಿಮೆ ಆಯ್ತು ಅಂತ ಹೇಗೆ ಹೇಳುತ್ತೀರಿ?

ಹಂತ 1: ಯಾಕೆ ಬೇಕು ಅಂತ ಒಂದು ಸಾಲಿನಲ್ಲಿ ಬರೆಯಿರಿ

"ಒಳ್ಳೇದಂತೆ" ಅನ್ನುವುದು ಕಾರಣ ಅಲ್ಲ. "ಪಕ್ಕದ ಆಸ್ಪತ್ರೆಯವರು ತಗೊಂಡಿದ್ದಾರೆ" ಅನ್ನುವುದೂ ಅಲ್ಲ. "ಸಿಸೇರಿಯನ್ ಆದವರ ಹೊಲಿಗೆಯಲ್ಲಿ ಕೀವು ಜಾಸ್ತಿ ಆಗ್ತಿದೆ" ಅನ್ನುವುದು ಕಾರಣ.

ಈಗ ಆ ಸಾಲಿನ ಹಿಂದೆ ನೀವು ಸುಮ್ನೆ ನಂಬಿಕೊಂಡಿರುವುದನ್ನೆಲ್ಲ ಹೊರಗೆ ತೆಗೆಯಿರಿ. ಸೋಪು ಬದಲಿಸಿದರೆ ಕೀವು ನಿಲ್ಲುತ್ತದೆ ಅಂದರೆ ಇಷ್ಟೆಲ್ಲ ನಿಜ ಆಗಿರಬೇಕು: ಸೋಂಕು ಸಿಬ್ಬಂದಿಯ ಕೈಯಿಂದಲೇ ಬರ್ತಿದೆ. ಅವರು ಕೈ ತೊಳೆದ ಮೇಲೂ ಬರ್ತಿದೆ. ಈಗಿನ ಸೋಪು ಸಾಲದೆ ಬರ್ತಿದೆ. ಹೊಸ ಸೋಪನ್ನು ಎಲ್ಲರೂ ಬಳಸುತ್ತಾರೆ. ಅದರಿಂದ ಬೇರೆ ತೊಂದರೆ ಆಗುವುದಿಲ್ಲ. ಇದರಲ್ಲಿ ಒಂದು ಸುಳ್ಳಾದರೂ ದುಡ್ಡು ದಂಡ.

ಹೊಲಿಗೆ ಕೀವಾಗುವುದನ್ನೇ ತೆಗೆದುಕೊಳ್ಳಿ. ಆಪರೇಷನ್‌ಗೆ ಮೊದಲು ಬ್ಲೇಡು ಹಾಕಿ ಕೂದಲು ಬೋಳಿಸುವ ರೂಢಿ ಇನ್ನೂ ಎಷ್ಟೋ ಕಡೆ ಇದೆ. ಬ್ಲೇಡಿನಿಂದ ಚರ್ಮದ ಮೇಲೆ ಕಣ್ಣಿಗೆ ಕಾಣದ ಗೀರು ಬೀಳುತ್ತವೆ, ರೋಗಾಣು ಅಲ್ಲಿ ಮನೆ ಮಾಡುತ್ತವೆ. ಕೂದಲು ತೆಗೆಯಬೇಡಿ, ತೆಗೆಯಲೇಬೇಕಾದರೆ ಕ್ಲಿಪ್ಪರ್ ಬಳಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಕುಯ್ಯುವ ಮೊದಲು ಕೊಡಬೇಕಾದ ಆಂಟಿಬಯೋಟಿಕ್ ತಡವಾಗಿ ಕೊಟ್ಟರೂ ಕೀವಾಗುತ್ತದೆ. ಆಟೋಕ್ಲೇವ್, ಅಂದರೆ ಸಲಕರಣೆಗಳನ್ನು ಒತ್ತಡದ ಹಬೆಯಲ್ಲಿ ಶುದ್ಧ ಮಾಡುವ ಯಂತ್ರ, ಸರಿಯಾಗಿ ಕೆಲಸ ಮಾಡದಿದ್ದರೂ ಅಷ್ಟೇ. ಇವು ಯಾವುದಕ್ಕೂ ವಾರ್ಡಿನ ಸಿಂಕಿನ ಸೋಪು ಮದ್ದಲ್ಲ.

ಹಂತ 2: ಬಾಟಲಿಯ ಹಿಂದೆ ಓದಿ

ಮುಂದೆ ದೊಡ್ಡಕ್ಷರದಲ್ಲಿ ಇರುವುದನ್ನು ಬಿಡಿ. ಹಿಂದೆ ಸಣ್ಣಕ್ಷರದಲ್ಲಿ ಸಕ್ರಿಯ ಅಂಶ ಯಾವುದು, ಎಷ್ಟು ಶೇಕಡಾ ಅಂತ ನೋಡಿ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದರೆ ಸರಿಯಾಗಿ ಕಾಣುತ್ತದೆ. ಸಕ್ರಿಯ ಅಂಶದ ಹೆಸರೇ ಇಲ್ಲ, ಬರೀ "ಜರ್ಮ್ ಪ್ರೊಟೆಕ್ಷನ್" ಅಂತಿದ್ದರೆ ಕೊಟೇಶನ್ ವಾಪಸ್ ಕಳಿಸಿ.

ಟ್ರೈಕ್ಲೋಸಾನ್ ಅಥವಾ ಟ್ರೈಕ್ಲೋಕಾರ್ಬನ್ ಇದ್ದರೆ ಬೇಡ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಇವೆರಡೂ ಸೇರಿ 19 ರಾಸಾಯನಿಕಗಳನ್ನು ಮನೆಬಳಕೆಯ ಆಂಟಿಬ್ಯಾಕ್ಟೀರಿಯಲ್ ಸೋಪುಗಳಿಂದ ಹೊರಗಿಟ್ಟಿತು. ಸಾದಾ ಸೋಪು ನೀರಿಗಿಂತ ಇವು ಹೆಚ್ಚು ಕೆಲಸ ಮಾಡುತ್ತವೆ ಅಂತ ಕಂಪನಿಗಳು ತೋರಿಸಲಿಲ್ಲ, ವರ್ಷಗಟ್ಟಲೆ ಬಳಸಿದರೆ ಸುರಕ್ಷಿತ ಅಂತಲೂ ತೋರಿಸಲಿಲ್ಲ. 2017ರ ಡಿಸೆಂಬರಿನಲ್ಲಿ ಆಸ್ಪತ್ರೆ ಬಳಕೆಯ ಉತ್ಪನ್ನಗಳಿಗೂ ನಿಯಮ ಬಂತು. ಟ್ರೈಕ್ಲೋಸಾನ್ ಸೇರಿ 24 ಅಂಶಗಳನ್ನು ಮೊದಲೇ ಅನುಮತಿ ಪಡೆಯದೆ ಮಾರುವ ಹಾಗಿಲ್ಲ ಅಂತಾಯಿತು. ಅದು ಅಮೆರಿಕದ ಕಾನೂನು, ನಮಗೆ ಅನ್ವಯಿಸುವುದಿಲ್ಲ, ನಿಜ. ಆದರೆ ಕೈ ನಮ್ಮದೂ ಅಂಥದ್ದೇ ಅಲ್ವಾ?

ಟ್ರೈಕ್ಲೋಸಾನಿನ ಬಗ್ಗೆ ಇನ್ನೊಂದು ಮಾತು. ಬ್ಯಾಕ್ಟೀರಿಯಾ ತನ್ನ ಕೊಬ್ಬು ತಯಾರಿಸಿಕೊಳ್ಳುವ ಒಂದು ಕಿಣ್ವವನ್ನು ಇದು ತಡೆಯುತ್ತದೆ. ಕ್ಷಯದ ಔಷಧಿ ಐಸೋನಿಯಾಜಿಡ್ ಹಿಡಿಯುವುದೂ ಅದೇ ಜಾತಿಯ ಕಿಣ್ವವನ್ನೇ. ಹಾಗಾಗಿ ಸೋಪಿಗೆ ಒಗ್ಗಿಕೊಂಡ ಬ್ಯಾಕ್ಟೀರಿಯಾ ಔಷಧಿಗೂ ಒಗ್ಗಿಕೊಂಡೀತು ಅನ್ನುವ ಆತಂಕ ಲ್ಯಾಬಿನವರಿಗೆ ಇದೆ. ಇನ್ನು ಸುಟ್ಟಗಾಯ, ಕ್ಯಾತಿಟರ್, ವೆಂಟಿಲೇಟರ್ ಇರುವಲ್ಲೆಲ್ಲ ಕಾಟ ಕೊಡುವ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆ ಟ್ರೈಕ್ಲೋಸಾನ್ ಹುಟ್ಟಿನಿಂದಲೇ ನಾಟುವುದಿಲ್ಲ. ಆಸ್ಪತ್ರೆಗೆ ಬೇಕಾದಲ್ಲೇ ಕೆಲಸಕ್ಕೆ ಬಾರದ ಸೋಪು!

ಕ್ಲೋರ್‌ಹೆಕ್ಸಿಡಿನ್ ಇದ್ದರೆ ಅದು ಗಟ್ಟಿ ಅಂಶವೇ. ತೊಳೆದ ಮೇಲೂ ಚರ್ಮದ ಮೇಲೆ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ. ಆದರೆ ಸಾದಾ ಸೋಪು ಮತ್ತು ಕೆಲವು ಹ್ಯಾಂಡ್ ಕ್ರೀಮುಗಳ ಜೊತೆ ಅದಕ್ಕೆ ಆಗಿಬರುವುದಿಲ್ಲ, ಶಕ್ತಿ ಕಳೆದುಕೊಳ್ಳುತ್ತದೆ. ಒಂದೇ ಸಿಂಕಿನಲ್ಲಿ ಎರಡನ್ನೂ ಇಟ್ಟು ಒಂದರ ಮೇಲೊಂದು ಹಚ್ಚಿದರೆ ದುಬಾರಿಯದ್ದು ವ್ಯರ್ಥ. ಕಣ್ಣಿಗೆ, ಕಿವಿಯ ಒಳಗೆ ಹೋಗಬಾರದು. ಅಪರೂಪಕ್ಕೆ ಕೆಲವರಿಗೆ ತೀವ್ರ ಅಲರ್ಜಿ ಆಗುತ್ತದೆ ಅಂತ ಎಫ್‌ಡಿಎ 2017ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಕ್ಲೋರೋಕ್ಸಿಲೆನಾಲ್, ಬೆಂಜಾಲ್ಕೋನಿಯಂ, ಪೊವಿಡೋನ್ ಅಯೋಡಿನ್ ಇದ್ದರೆ ತಕ್ಷಣ ತಳ್ಳಿಹಾಕಬೇಕಿಲ್ಲ. ಮುಂದಿನ ಹಂತದ ಪ್ರಶ್ನೆಗಳನ್ನು ಕೇಳಿ.

"ಹೊಸದು, ಶಕ್ತಿಶಾಲಿ, ಹಾಗಾಗಿ ಸುರಕ್ಷಿತ" ಅಂತ ಅಂದುಕೊಳ್ಳುವವರಿಗೆ ಹೆಕ್ಸಾಕ್ಲೋರೋಫೀನ್ ಕಥೆ ಗೊತ್ತಿರಬೇಕು. 1950-60ರ ದಶಕದಲ್ಲಿ ಹೊರದೇಶಗಳ ಹೆರಿಗೆ ವಾರ್ಡುಗಳಲ್ಲಿ ಅದು ನಂಬಿಕಸ್ಥ ದ್ರಾವಣ. ಹುಟ್ಟಿದ ಮಗುವಿಗೆ ಅದರಲ್ಲೇ ಸ್ನಾನ. ಚರ್ಮದ ಸೋಂಕು ಕಡಿಮೆಯಾಗಿದ್ದೂ ಹೌದು. ಆಮೇಲೆ ನೋಡಿದರೆ ಅದು ಎಳೆ ಚರ್ಮದ ಮೂಲಕ ರಕ್ತಕ್ಕೆ ಸೇರಿ ಮಿದುಳಿಗೆ ಹಾನಿ ಮಾಡುತ್ತಿತ್ತು. 1972ರಲ್ಲಿ ಫ್ರಾನ್ಸಿನಲ್ಲಿ ಒಂದು ಮಕ್ಕಳ ಪೌಡರಿಗೆ ತಪ್ಪಿ ಶೇ. 6ರಷ್ಟು ಹೆಕ್ಸಾಕ್ಲೋರೋಫೀನ್ ಬೆರೆತು 36 ಮಕ್ಕಳು ಸತ್ತರು. ಅದೇ ವರ್ಷ ಅಮೆರಿಕ ಅದನ್ನು ಡಾಕ್ಟರ್ ಚೀಟಿ ಇಲ್ಲದೆ ಕೊಡದಂತೆ ಮಾಡಿತು. ಹಾಗಾಗಿ ಹೆರಿಗೆ ವಾರ್ಡಿಗೆ, ಎಳೆಮಕ್ಕಳ ಕೋಣೆಗೆ ಹೊಸ ಸೋಪು ಅಂದಾಗ ಎರಡು ಸಲ ಯೋಚಿಸಿ.

ಹಂತ 3: "99.9%" ಅನ್ನುವುದನ್ನು ಬಿಡಿಸಿ ನೋಡಿ

ಕೈ ಮೇಲೆ 10 ಲಕ್ಷ ಬ್ಯಾಕ್ಟೀರಿಯಾ ಇದ್ದರೆ, 99.9% ಹೋದ ಮೇಲೂ 1,000 ಉಳಿಯುತ್ತವೆ. ಲ್ಯಾಬಿನವರು ಇದನ್ನು "3 ಲಾಗ್" ಅನ್ನುತ್ತಾರೆ. ಒಂದು ಲಾಗ್ ಅಂದರೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯುವುದು. 1 ಲಾಗ್ 90%, 2 ಲಾಗ್ 99%, 3 ಲಾಗ್ 99.9%. ಲೆಕ್ಕ ಇಷ್ಟೇ.

ಈಗ ಸಾದಾ ಸೋಪಿನ ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈ ಶುಚಿತ್ವದ ಮಾರ್ಗಸೂಚಿಯಲ್ಲಿ ಇದೆ: ಸಾದಾ ಸೋಪು ನೀರಿನಲ್ಲಿ 15 ಸೆಕೆಂಡು ತೊಳೆದರೆ 0.6ರಿಂದ 1.1 ಲಾಗ್ ಇಳಿಯುತ್ತದೆ. 30 ಸೆಕೆಂಡು ತೊಳೆದರೆ 1.8ರಿಂದ 2.8 ಲಾಗ್. ಶೇಕಡಾದಲ್ಲಿ ಹೇಳುವುದಾದರೆ, 15 ಸೆಕೆಂಡಿಗೆ ಸುಮಾರು 75ರಿಂದ 92, 30 ಸೆಕೆಂಡಿಗೆ 98ರಿಂದ 99.8. ಇನ್ನು 15 ಸೆಕೆಂಡು ಹೆಚ್ಚಿಗೆ ಉಜ್ಜಿದ್ದಕ್ಕೆ ಸಿಕ್ಕ ಲಾಭ ಇದು. ಖರ್ಚು ಸೊನ್ನೆ. ನನ್ನನ್ನು ಕೇಳಿದರೆ ಈ ಇಡೀ ವಿಷಯದಲ್ಲಿ ಆಸ್ಪತ್ರೆಯ ಗೋಡೆಗೆ ಅಂಟಿಸಬೇಕಾದ ಲೆಕ್ಕ ಇದೊಂದೇ.

ಆಮೇಲೆ ರೆಪ್‌ಗೆ ಈ ಪ್ರಶ್ನೆ ಹಾಕಿ:

- ಪರೀಕ್ಷೆ ಟೆಸ್ಟ್ ಟ್ಯೂಬಿನಲ್ಲಿ ಮಾಡಿದ್ದೋ, ಮನುಷ್ಯರ ಕೈ ಮೇಲೋ?
- ಯಾವುದಕ್ಕೆ ಹೋಲಿಸಿದ್ದು? ಕೈ ತೊಳೆಯದೆ ಇದ್ದದ್ದಕ್ಕೋ, ಸಾದಾ ಸೋಪಿಗೋ?
- ಎಷ್ಟು ಎಂಎಲ್ ಹಾಕಿ, ಎಷ್ಟು ಸೆಕೆಂಡು ಉಜ್ಜಿದರು?
- ಯಾವುದಾದರೂ ಆಸ್ಪತ್ರೆಯಲ್ಲಿ ರೋಗಿಗಳ ಸೋಂಕು ಕಡಿಮೆ ಆಗಿದೆಯಾ, ಇಲ್ಲಾ ಕೈ ಮೇಲಿನ ಬ್ಯಾಕ್ಟೀರಿಯಾ ಎಣಿಸಿದ್ದು ಮಾತ್ರವಾ?

"ಇಎನ್ 1499 ಪಾಸಾಗಿದೆ ಸಾರ್" ಅಂದರೆ ಸ್ವಲ್ಪ ಬೆಲೆ ಕೊಡಿ. ಅದು ಯುರೋಪಿನ ಪರೀಕ್ಷೆ. ಜನರ ಕೈಗೆ ಇ. ಕೋಲಿ ಹಚ್ಚಿ, ಹೊಸದನ್ನು ಸಾದಾ ಸೋಪಿನ ಜೊತೆ ಹೋಲಿಸುತ್ತಾರೆ. ಆದರೂ ಕೊನೆಯ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ. ಕೈ ಮೇಲೆ ಕಡಿಮೆ ಆದದ್ದು ಗಾಯದಲ್ಲೂ ಕಡಿಮೆ ಆಗುತ್ತದೆ ಅನ್ನುವುದು ನಮ್ಮ ಊಹೆ. ಎಷ್ಟೋ ಸಲ ನಿಜ ಆಗಬಹುದು, ಆಗಲೇಬೇಕು ಅಂತಿಲ್ಲ.

ಹಂತ 4: ಸಿಂಕಿನ ಹತ್ತಿರ ಹೋಗಿ ನಿಂತುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಬೆಳಿಗ್ಗೆ ರೌಂಡ್ಸ್ ಹೊತ್ತಿಗೆ, ಡ್ರೆಸ್ಸಿಂಗ್ ಹೊತ್ತಿಗೆ, ರಾತ್ರಿ ಡ್ಯೂಟಿಯಲ್ಲಿ ಒಂದೊಂದು ಸಲ ನಿಂತು ನೋಡಿ. ಯಾರ ಹೆಸರನ್ನೂ ಬರೆಯಬೇಡಿ. ಹೆಸರು ಬರೆದರೆ ಎಲ್ಲರೂ ನಿಮ್ಮ ಮುಂದೆ ಚೆನ್ನಾಗಿ ತೊಳೆಯುತ್ತಾರೆ, ನೀವು ಹೋದ ಮೇಲೆ ಮೊದಲಿನಂತೆಯೇ.

ಡಿಸ್ಪೆನ್ಸರ್ ನೋಡಿ. ನಮ್ಮ ಕಡೆ ಸಾಮಾನ್ಯವಾಗಿ ಕಾಣುವುದು ಇದು: ಗುಲಾಬಿ ಬಣ್ಣದ ದ್ರವ, ಪಂಪಿನ ಬಾಯಿ ಸುತ್ತ ಒಣಗಿದ ಲೋಳೆಯ ಉಂಗುರ, ತಳದಲ್ಲಿ ಯಾವತ್ತೋ ತುಂಬಿದ ಹಳೆಯದು. ಖಾಲಿ ಆಗುವ ಮೊದಲೇ ಐದು ಲೀಟರಿನ ಕ್ಯಾನಿನಿಂದ ಮೇಲೆ ಸುರಿಯುತ್ತಾರೆ. ತಿಂಗಳ ಕೊನೆಗೆ ಸಾಲದೆ ಬಂದರೆ ನಲ್ಲಿ ನೀರು ಬೆರೆಸುತ್ತಾರೆ. ನೀರು ಬೆರೆತಾಗ ಸೋಪು ಕೆಡದಂತೆ ಹಾಕಿದ ಪದಾರ್ಥವೂ ತೆಳ್ಳಗಾಗುತ್ತದೆ. ಒಳಗೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆಗ ಕೈ ತೊಳೆದವರ ಕೈ ತೊಳೆಯುವ ಮೊದಲಿಗಿಂತ ಗಲೀಜಾಗುವುದೂ ಉಂಟು. ಹೊಸ ಸೋಪು ತಂದು ಇದೇ ಡಬ್ಬಿಗೆ ಸುರಿದರೆ ಏನು ಬದಲಾಯಿತು? ಅರ್ಧ ಇರುವಾಗ ಮೇಲೆ ತುಂಬಬಾರದು. ಪೂರ್ತಿ ಖಾಲಿ ಮಾಡಿ, ತೊಳೆದು, ಒಣಗಿಸಿ ತುಂಬಬೇಕು. ಆಗದಿದ್ದರೆ ಒಂದು ಸಲ ಬಳಸಿ ಎಸೆಯುವ ಪೌಚ್ ತರಿಸಿ.

ಟವೆಲ್ ನೋಡಿ. ಸಿಂಕಿನ ಪಕ್ಕ ಮೊಳೆಗೆ ಒಂದು ಟವೆಲ್ ತೂಗುಹಾಕಿದ್ದು, ಬೆಳಿಗ್ಗೆಯಿಂದ ಸಂಜೆವರೆಗೆ ಎಲ್ಲರೂ ಅದರಲ್ಲೇ ಒರೆಸಿಕೊಳ್ಳುತ್ತಿದ್ದರೆ, ಸೋಪಿಗೆ ಇಟ್ಟ ದುಡ್ಡನ್ನು ಟಿಶ್ಯೂಗೆ ಹಾಕಿ. ಒದ್ದೆ ಕೈ ಒಣ ಕೈಗಿಂತ ಹೆಚ್ಚು ರೋಗಾಣು ಅಂಟಿಸುತ್ತದೆ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಆ ಟವೆಲ್ ಮೂರು ದಿನವಾದರೂ ಒಣಗುವುದಿಲ್ಲ ಅಂತ ನಿಮಗೇ ಗೊತ್ತು.

ನೀರು. ಹೇಮಾವತಿ ನೀರು ಬರುವಲ್ಲಿ ಒಂದು ಕಥೆ, ಅರಸೀಕೆರೆ ಕಡೆಯ ಬೋರ್ ನೀರಿನಲ್ಲಿ ಇನ್ನೊಂದು. ಗಡಸು ನೀರು ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುವ ನೀರು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದಿದ್ದರೆ 600ರವರೆಗೆ ಒಪ್ಪುತ್ತಾರೆ. ಗಡಸು ನೀರಿನಲ್ಲಿ ಬಾರ್ ಸೋಪು ನೊರೆ ಬಾರದೆ ಬಿಳಿ ಗಸಿಯಾಗುತ್ತದೆ, ಲಿಕ್ವಿಡ್ ಹ್ಯಾಂಡ್‌ವಾಶ್ ಅಷ್ಟಾಗಿ ಕೆಡುವುದಿಲ್ಲ. ಬೆಂಜಾಲ್ಕೋನಿಯಂ ಥರದವುಗಳ ಶಕ್ತಿಯನ್ನೂ ಗಡಸು ನೀರು ತಗ್ಗಿಸುತ್ತದೆ. ಲ್ಯಾಬಿನ ಫಲಿತಾಂಶ ನಿಮ್ಮ ನಲ್ಲಿಯಲ್ಲೂ ಅದೇ ಬರುತ್ತದೆ ಅಂತ ನಂಬಬೇಡಿ. ಮಧ್ಯಾಹ್ನ ಎರಡಕ್ಕೆ ನಲ್ಲಿಯಲ್ಲಿ ನೀರೇ ಇಲ್ಲದಿದ್ದರೆ ಸೋಪಿನ ಮಾತೇ ಬೇಡ.

ಕೊನೆಗೆ ಸ್ಟಾಪ್‌ವಾಚ್. ಎಷ್ಟು ಸೆಕೆಂಡು ಉಜ್ಜುತ್ತಾರೆ, ಬರೆದುಕೊಳ್ಳಿ. ನಲ್ಲಿ ತಿರುಗಿಸಿದ್ದರಿಂದ ಒರೆಸುವವರೆಗೆ 40ರಿಂದ 60 ಸೆಕೆಂಡು ಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಎಷ್ಟು ಸಲ ತೊಳೆಯಬೇಕಿತ್ತು, ಎಷ್ಟು ಸಲ ತೊಳೆದರು ಅನ್ನುವುದನ್ನೂ ಬರೆಯಿರಿ. ತೊಳೆಯಬೇಕಾದ ಐದು ಸಂದರ್ಭ ಇವು: ರೋಗಿಯನ್ನು ಮುಟ್ಟುವ ಮೊದಲು, ಇಂಜೆಕ್ಷನ್ ಡ್ರೆಸ್ಸಿಂಗ್‌ನಂಥ ಕೆಲಸಕ್ಕೆ ಮೊದಲು, ರಕ್ತ ಮೂತ್ರ ಇತ್ಯಾದಿ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಹಾಸಿಗೆ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ಹತ್ತರಲ್ಲಿ ನಾಲ್ಕು ಸಲ ಮಾತ್ರ ತೊಳೆಯುತ್ತಿದ್ದರೆ, ಉಳಿದ ಆರು ಸಲಕ್ಕೆ ಯಾವ ಸೋಪಾದರೂ ಒಂದೇ.

ಹಂತ 5: ಬೇಕಿರುವುದು ಸೋಪೋ, ಹ್ಯಾಂಡ್ ರಬ್ಬೋ?

ಕೈ ಕಣ್ಣಿಗೆ ಕಾಣುವಂತೆ ಗಲೀಜಾಗಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಮೊದಲ ಆಯ್ಕೆ ಆಲ್ಕೋಹಾಲ್ ಹ್ಯಾಂಡ್ ರಬ್. 20ರಿಂದ 30 ಸೆಕೆಂಡು ಸಾಕು, ನೀರು ಬೇಡ, ಹಾಸಿಗೆ ಪಕ್ಕದಲ್ಲೇ ಇಡಬಹುದು. ರಕ್ತ, ಮಲ, ಕೀವು ತಾಗಿದ್ದರೆ ಸೋಪು ನೀರೇ. ಭೇದಿಯ ರೋಗಿಯನ್ನು ನೋಡಿಕೊಂಡ ಮೇಲೂ ಸೋಪು ನೀರೇ. ಯಾಕೆಂದರೆ ಆಂಟಿಬಯೋಟಿಕ್ ತೆಗೆದುಕೊಂಡವರಿಗೆ ಭೇದಿ ತರುವ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಸ್ಪೋರ್ ಆಗಿ, ಅಂದರೆ ಗಟ್ಟಿ ಚಿಪ್ಪಿನೊಳಗೆ ಕೂತ ಸ್ಥಿತಿಯಲ್ಲಿ ಉಳಿಯುತ್ತದೆ. ಆಲ್ಕೋಹಾಲಿಗೆ ಅದು ಸಾಯುವುದಿಲ್ಲ. ಆಂಟಿಬ್ಯಾಕ್ಟೀರಿಯಲ್ ಸೋಪಿಗೂ ಸಾಯುವುದಿಲ್ಲ. ಉಜ್ಜಿ ತೊಳೆದು ಹರಿಯಬಿಡುವುದೇ ದಾರಿ, ಅದಕ್ಕೆ ಸಾದಾ ಸೋಪು ಸಾಕು.

ಒಂದು ತಪ್ಪು ತುಂಬಾ ಕಡೆ ನೋಡಿದ್ದೇನೆ: ಸೋಪಿನಲ್ಲಿ ತೊಳೆದು ತಕ್ಷಣ ಮೇಲೆ ರಬ್ ಹಚ್ಚುವುದು. ಎರಡೂ ಒಟ್ಟಿಗೆ ಬೇಡ. ಚರ್ಮ ಒಡೆಯುತ್ತದೆ, ಒಡೆದ ಚರ್ಮದಲ್ಲಿ ರೋಗಾಣು ನೆಲೆಸುತ್ತದೆ, ಉರಿ ಅಂತ ಸಿಸ್ಟರ್ ಕೈ ತೊಳೆಯುವುದನ್ನೇ ಕಡಿಮೆ ಮಾಡುತ್ತಾರೆ.

ಹಂತ 6: ಆದರೂ ತರಿಸಲೇಬೇಕಾ? ಎರಡು ವಾರ್ಡಿನಲ್ಲಿ ಪರೀಕ್ಷೆ ಮಾಡಿ

ಇಡೀ ಆಸ್ಪತ್ರೆಗೆ ಒಮ್ಮೆಲೇ ತರಬೇಡಿ. ಒಂದು ವಾರ್ಡಿಗೆ ಹೊಸದು, ಅಂಥದ್ದೇ ಇನ್ನೊಂದು ವಾರ್ಡಿಗೆ ಹಳೆಯದು. ಮೂರು ತಿಂಗಳಾದ ಮೇಲೆ ಅದಲು ಬದಲು ಮಾಡಿ. ಈ ಅವಧಿಯಲ್ಲಿ ಬೇರೇನನ್ನೂ ಬದಲಿಸಬೇಡಿ. ಹೊಸ ಸೋಪಿನ ಜೊತೆಗೇ ಕೈ ತೊಳೆಯುವ ತರಬೇತಿ ಕೊಟ್ಟು, ಹೊಸ ಸಿಂಕ್ ಹಾಕಿಸಿ, ಸೋಂಕು ಇಳಿದರೆ ಯಶಸ್ಸು ಯಾರದ್ದು?

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ನಾವು ಸೋಪು ಬದಲಿಸುವುದು ಯಾವಾಗ? ಸೋಂಕು ತುಂಬಾ ಏರಿದ ತಿಂಗಳು. ಹಾಗೆ ಏರಿದ್ದು ಮುಂದಿನ ತಿಂಗಳು ತಾನಾಗಿಯೇ ಸ್ವಲ್ಪ ಇಳಿಯುವುದು ಸಾಮಾನ್ಯ. ಏನೂ ಮಾಡದಿದ್ದರೂ ಇಳಿಯುತ್ತಿತ್ತು. ಹೆಸರು ಮಾತ್ರ ಸೋಪಿಗೆ. ಪಕ್ಕದ ವಾರ್ಡಿನಲ್ಲಿ ಹಳೆಯ ಸೋಪು ಇದ್ದರೆ ಇದು ಗೊತ್ತಾಗುತ್ತದೆ: ಅಲ್ಲೂ ಇಳಿದಿದ್ದರೆ ಸೋಪಿನ ಮಹಿಮೆ ಅಲ್ಲ.

ಸಣ್ಣ ಆಸ್ಪತ್ರೆಗೆ ಇನ್ನೊಂದು ತೊಡಕು, ಸಂಖ್ಯೆ ಸಣ್ಣದು. ತಿಂಗಳಿಗೆ ಸರಾಸರಿ 4 ಸೋಂಕು ಇರುವ ಕಡೆ ಒಂದು ತಿಂಗಳು 2, ಇನ್ನೊಂದು ತಿಂಗಳು 6 ಬರುವುದು ಬರೀ ಆಕಸ್ಮಿಕ. "ಅರ್ಧಕ್ಕರ್ಧ ಇಳಿಯಿತು" ಅಂತ ಬ್ಯಾನರ್ ಹಾಕಬೇಡಿ. ಸೊನ್ನೆ ಬಂದರೂ ಹಿಗ್ಗಬೇಡಿ: 100 ಆಪರೇಷನ್ನಿನಲ್ಲಿ ಒಂದೂ ಸೋಂಕು ಕಾಣದಿದ್ದರೂ ನಿಜವಾದ ಪ್ರಮಾಣ ಶೇ. 3ರವರೆಗೂ ಇರಬಹುದು ಅನ್ನುತ್ತದೆ ಸಂಖ್ಯಾಶಾಸ್ತ್ರ. ಎಷ್ಟು ಆಪರೇಷನ್ನಿಗೆ ಎಷ್ಟು ಸೋಂಕು ಅಂತ ಭಾಗಿಸಿಯೇ ಬರೆಯಿರಿ.

ಬಾಣಂತಿಯರ ವಿಷಯದಲ್ಲಿ ಲೆಕ್ಕ ತಪ್ಪುವುದು ಇನ್ನೂ ಸುಲಭ. ಹೊಲಿಗೆಯ ಸೋಂಕನ್ನು ಆಪರೇಷನ್ ಆಗಿ 30 ದಿನದವರೆಗೆ ಎಣಿಸಬೇಕು. ಆದರೆ ಡಿಸ್‌ಚಾರ್ಜ್ ಆದವರು ತವರಿಗೆ ಹೋಗುತ್ತಾರೆ. ಹಾಸನದಲ್ಲಿ ಹೆರಿಗೆ, ಬಾಣಂತನ ಕಡೂರಿನ ಆಚೆ ಯಾವುದೋ ಹಳ್ಳಿಯಲ್ಲಿ. ಕೀವಾದರೆ ಅಲ್ಲಿನ ಪಿಎಚ್‌ಸಿಗೆ ತೋರಿಸುತ್ತಾರೆ. ನಿಮ್ಮ ರಿಜಿಸ್ಟರಿನಲ್ಲಿ ಅದು ಇರುವುದೇ ಇಲ್ಲ. ಡಿಸ್‌ಚಾರ್ಜ್ ಮಾಡುವಾಗ ಗಂಡನ ನಂಬರಿನ ಜೊತೆ ಬಾಣಂತಿಯ ಅಮ್ಮನ ನಂಬರೂ ಬರೆದುಕೊಳ್ಳಿ. ಎರಡು ವಾರಕ್ಕೆ ಒಮ್ಮೆ, 30 ದಿನಕ್ಕೆ ಒಮ್ಮೆ ಫೋನ್ ಮಾಡಿ. "ಹೊಲಿಗೆ ಹೇಗಿದೆಯಮ್ಮ? ನೀರು, ಕೀವು ಏನಾದ್ರೂ ಬರ್ತಿದೆಯಾ?" ಅಂತ ಕೇಳಿದರೆ ಸಾಕು, ಸರಿಯಾಗಿ ಹೇಳುತ್ತಾರೆ.

ಹಂತ 7: ಒಂದು ಸಲ ತೊಳೆಯಲು ಎಷ್ಟು ಖರ್ಚು?

ಕ್ಯಾನಿನ ಬೆಲೆ ಹೋಲಿಸಬೇಡಿ. ಕಂಪನಿ ಒಂದು ಸಲಕ್ಕೆ 5 ಎಂಎಲ್ ಬೇಕು ಅಂದರೆ 5 ಲೀಟರ್ 1,000 ಸಲಕ್ಕೆ ಬರುತ್ತದೆ. ಸಿಬ್ಬಂದಿ ಒಂದೂವರೆ ಎಂಎಲ್ ಮಾತ್ರ ಒತ್ತಿಕೊಂಡರೆ ಮೂರು ಸಾವಿರಕ್ಕೂ ಮೇಲೆ ಬರುತ್ತದೆ, ಆದರೆ ಪರೀಕ್ಷೆಯಲ್ಲಿ ಕಂಡ ಫಲ ಸಿಗುವುದಿಲ್ಲ. ಉಳಿತಾಯ ಅಂತ ಅಂದುಕೊಂಡದ್ದು ಮೋಸ. ಸಿಬ್ಬಂದಿಯ ಕೈಯನ್ನೂ ತಿಂಗಳಿಗೊಮ್ಮೆ ನೋಡಿ. ತುರಿಕೆ, ಒಡಕು ಜಾಸ್ತಿ ಆಗಿದ್ದರೆ ಆ ಸೋಪು ಬೇಡ, ಬೇರೆಲ್ಲ ಚೆನ್ನಾಗಿದ್ದರೂ ಬೇಡ. ಆಯಾ, ಡಿ ಗ್ರೂಪ್ ನೌಕರರನ್ನು ಕೇಳಲು ಮರೆಯಬೇಡಿ. ಎಲ್ಲರಿಗಿಂತ ಹೆಚ್ಚು ಹೊತ್ತು ಕೈ ಒದ್ದೆ ಇರುವುದು ಅವರದೇ.

ಕಾಯಕಲ್ಪ, ಅಂದರೆ ಆಸ್ಪತ್ರೆಗಳ ಸ್ವಚ್ಛತೆ ನೋಡಿ ಅಂಕ ಕೊಡುವ ಸರ್ಕಾರಿ ಯೋಜನೆಯ ತಪಾಸಣೆಗೆ ಬರ್ತಾರೆ, ಅದಕ್ಕಾದರೂ ಒಳ್ಳೆ ಸೋಪು ಇರಲಿ ಅನ್ನುವವರಿದ್ದಾರೆ. ತಪಾಸಣೆಯವರು ನೋಡುವುದು ಸಿಂಕಿನಲ್ಲಿ ನೀರು, ಸೋಪು, ರಬ್ ಇದೆಯಾ, ಸಿಬ್ಬಂದಿಗೆ ತೊಳೆಯುವ ಕ್ರಮ ಗೊತ್ತಾ ಅಂತ. ದುಬಾರಿ ಬ್ರ್ಯಾಂಡ್ ಅವರಿಗೆ ಬೇಕಿಲ್ಲ.

ಹಂತ 8: ಫೈಲಿನಲ್ಲಿ ಬರೆದಿಡಿ

ಒಂದು ಪುಟ ಸಾಕು. ಯಾಕೆ ಬೇಕು ಅಂದುಕೊಂಡೆವು, ಯಾವ ಯಾವ ಊಹೆ ಪರೀಕ್ಷಿಸಿದೆವು, ಏನು ಸಿಕ್ಕಿತು, ಯಾರು ಒಪ್ಪಿದರು, ಯಾವ ತಾರೀಖಿಗೆ ಮತ್ತೆ ನೋಡುತ್ತೇವೆ. ಸ್ಯಾಂಪಲ್ ಎಷ್ಟು ಬಂತು, ಕಂಪನಿಯಿಂದ ಬೇರೇನಾದರೂ ಬಂತಾ ಅನ್ನುವುದೂ ಅದೇ ಪುಟದಲ್ಲಿ ಇರಲಿ. ಸೋಂಕು ನಿಯಂತ್ರಣ ಸಮಿತಿಯ ಸಭೆಯಲ್ಲಿ ಓದಿ ಸಹಿ ಹಾಕಿಸಿ. ಬೇಡ ಅಂತ ತೀರ್ಮಾನವಾದರೂ ಬರೆದಿಡಿ. ಇಲ್ಲದಿದ್ದರೆ ಸೂಪರಿಂಟೆಂಡೆಂಟ್ ವರ್ಗ ಆಗಿ ಹೊಸಬರು ಬಂದ ಕೂಡಲೇ ಅದೇ ರೆಪ್ ಅದೇ ಬಾಟಲಿ ಹಿಡಿದು ಬರುತ್ತಾನೆ.

ಬದಲಿಸುವುದೇ ಅಂತಾದರೆ, ಸ್ಟೋರಿನಲ್ಲಿ ಉಳಿದ ಹಳೆಯ ಕ್ಯಾನುಗಳನ್ನು ಮೊದಲು ಮುಗಿಸಿ. ಡಿಸ್ಪೆನ್ಸರುಗಳನ್ನು ತೊಳೆದು ಒಣಗಿಸಿದ ಮೇಲೆಯೇ ಹೊಸ ಸೋಪು ತುಂಬಿಸಿ. ತುಂಬಿದ ತಾರೀಖನ್ನು ಪ್ರತಿ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಬರೆಸಿ.